ಕಾಲ್‌ಫಾರ್ ಆಗುವವರೆಗೆ

(ಕುದೇರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ದಾಸರ ಪದ, ಇಲ್ಲವೆ ನಮ್ಮ ಸೀಮೆಯ ಮಂಟೇಸ್ವಾಮಿ, ಮಾದಪ್ಪನ ಕಾವ್ಯ ಎಂಬುದು ರೂಢಿ. ಈ ಸಲ ಸಂಘಟಕರು ಬೇರೆಯದನ್ನು ಕೇಳಿದರು. ‘ಬಿ.ಎ. ಓದುವ ಮಕ್ಕಳು ಮುಂದೇನು ಅಂತ ಕೇಳ್ತಾರೆ, ಅದಕ್ಕೊಂದು ಉತ್ತರ ಹೇಳಿ’ ಎಂದರು. ಒಂದೇ ಉತ್ತರ ಇರುವ ಪ್ರಶ್ನೆ ಇದಲ್ಲ. ಆದರೆ ಲೆಕ್ಕ ಹಾಕಿ ನೋಡಬಹುದಾದ ಪ್ರಶ್ನೆ. ಇವತ್ತು ಆ ಲೆಕ್ಕವನ್ನು ನಿಮ್ಮೆದುರು ಬಿಡಿಸುತ್ತೇನೆ.

ನಮ್ಮ ಊರುಗಳಲ್ಲಿ ಪದವಿ ಮುಗಿಸಿದ ಹುಡುಗನ ಬಗ್ಗೆ ನೆಂಟರು ವಿಚಾರಿಸುವುದು ಹೀಗೆ: ‘ಏನ್ ಮಾಡ್ತಾವ್ನೆ ನಿಮ್ಮುಡುಗ?’ ತಾಯಿಯ ಉತ್ತರ: ‘ಓದ್ಕತಾವ್ನೆ.’ ಇನ್ನೂ ಓದುತ್ತಿದ್ದಾನೆ ಎಂದಲ್ಲ, ಕಾಲ್‌ಫಾರ್ ಆಗುವುದನ್ನು, ಅಂದರೆ ಸರ್ಕಾರಿ ಹುದ್ದೆಗೆ ಅರ್ಜಿ ಕರೆಯುವುದನ್ನು, ಕಾಯುತ್ತಿದ್ದಾನೆ ಎಂದು ಕೇಳಿದವರಿಗೂ ಗೊತ್ತು. ಹುಡುಗಿಯಾದರೆ ಆ ಪ್ರಶ್ನೆ ಅಷ್ಟು ದಿನವೂ ನಿಲ್ಲುವುದಿಲ್ಲ, ‘ಗಂಡು ನೋಡ್ತಾ ಇದ್ದೀರಾ?’ ಎಂಬುದಕ್ಕೆ ಬೇಗ ತಿರುಗುತ್ತದೆ. ಕಲಾ ಪದವಿಗೆ ಬೆಲೆ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪದವಿ ಮುಗಿದ ಮೇಲಿನ ಈ ಕಾಯುವ ಕಾಲವೇ ನಮ್ಮ ಮಕ್ಕಳನ್ನು ತಿನ್ನುತ್ತಿದೆ. ಆ ಕಾಲವನ್ನು ಕೆಲಸದ ಕಾಲವಾಗಿ ಮಾಡಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ವಿಷಯ.

ಗುಂಡ್ಲು ಪಂಡಿತರ ಮನೆಯ ಎಂ.ಎ.

ದೂರದ ಉದಾಹರಣೆ ಬೇಡ. ಜಿ.ಪಿ. ರಾಜರತ್ನಂ ಅವರ ಹೆಸರಿನ ಮೊದಲಿಗಿರುವ ‘ಜಿ.ಪಿ.’ಯ ಬೇರು ಗುಂಡ್ಲುಪೇಟೆಯಲ್ಲಿದೆ. ಅವರದು ಗುಂಡ್ಲು ಪಂಡಿತರ ಮನೆತನ. ‘ತುತ್ತೂರಿ’ಯ ಪದ್ಯ ಹೇಳದೆ ಕನ್ನಡ ಶಾಲೆಯಲ್ಲಿ ಬೆಳೆದ ಮಗುವಿಲ್ಲ, ‘ರತ್ನನ ಪದಗಳು’ ಹಾಡದ ಗಾಯಕರೂ ಕಡಿಮೆ. 1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಅವರು. ಇಷ್ಟನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ. ನಡುವಿನ ಏಳು ವರ್ಷದ ಮಾತು ಹೇಳುವುದಿಲ್ಲ.

ರಾಜರತ್ನಂ ಕನ್ನಡದಲ್ಲಿ ಎಂ.ಎ. ಮುಗಿಸಿದ್ದು 1931ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಕನ್ನಡ ಪಂಡಿತರಾಗಿ ಸೇರಿದ್ದು 1938ರಲ್ಲಿ. ಪದವಿ ಕೈಯಲ್ಲಿದ್ದರೂ ಹುದ್ದೆ ತಕ್ಷಣ ಸಿಗಲಿಲ್ಲ. ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳಿದರು. ತಂದೆಯವರ ಶಾಲೆಯಲ್ಲಿ ಅವರ ಬದಲಿಗೆ ನಿಂತು ಕಲಿಸಿದರು. ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು, ಅಲ್ಲೂ ಸಿಗದೆ ಬೆಂಗಳೂರಿಗೆ ಬಂದರು. ಅಲ್ಲಿ ಮಾಸ್ತಿಯವರ ಭೇಟಿಯಾಯಿತು, ಜನಗಣತಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಎಂ.ಎ. ಓದಿದವರು ಎಣಿಕೆಯ ಕಾಗದಗಳ ಮುಂದೆ ಕೂತರು.

ಈ ಕಥೆಯಿಂದ ‘ಕಷ್ಟಪಟ್ಟರೆ ಫಲ ಉಂಟು’ ಎಂಬ ನೀತಿ ತೆಗೆಯುವುದು ಸುಲಭ. ಆ ನೀತಿಯಿಂದ ನಿಮಗೆ ಏನೂ ದಕ್ಕುವುದಿಲ್ಲ. ಅವರು ಆ ದಿನಗಳನ್ನು ಹೇಗೆ ಬಳಸಿದರು ನೋಡಿ. ಶಿಶುವಿಹಾರದಲ್ಲಿ ನಿಂತಾಗ, ಕನ್ನಡದ ಮಕ್ಕಳಿಗೆ ಹಾಡಿಕೊಳ್ಳಲು ಪದ್ಯಗಳು ಸಾಲದು ಎಂಬುದು ಅವರ ಕಣ್ಣಿಗೆ ಬಿತ್ತು. ‘ತುತ್ತೂರಿ’ ಬಂದದ್ದು ಆ ಕೊರತೆಯಿಂದ. ಎಂ.ಎ.ಗೆ ಕಡಿಮೆ ಎಂದು ಯಾರಾದರೂ ಮೂಗು ಮುರಿಯಬಹುದಾಗಿದ್ದ ಕೆಲಸದಿಂದಲೇ ಅವರ ಹೆಸರು ನಿಂತಿತು. ಮುಂದೆ ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು. ಪಂಡಿತ ಹುದ್ದೆಯ ಬಾಗಿಲು ತೆರೆಯುವ ಹೊತ್ತಿಗೆ ತೋರಿಸಲು ಅವರ ಕೈಯಲ್ಲಿ ಕೆಲಸವಿತ್ತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮಾಸ್ತಿಯವರ ಭೇಟಿ ಆಗದೆ ಹೋಗಿದ್ದರೆ? ಮಾಸ್ತಿ 1914ರಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಗೆದ್ದು ಅಧಿಕಾರಿಯಾದವರು. ಅವರೂ ಕಲಾ ಪದವೀಧರರೇ, ಅವರಿಗೆ ದಾರಿ ನೇರವಾಗಿ ತೆರೆಯಿತು. ಒಬ್ಬರಿಗೆ ಪರೀಕ್ಷೆ ಬಾಗಿಲು ತೆರೆಯಿತು, ಇನ್ನೊಬ್ಬರಿಗೆ ಏಳು ವರ್ಷದ ಸಣ್ಣಪುಟ್ಟ ಕೆಲಸ ಮತ್ತು ಒಬ್ಬ ಹಿರಿಯರ ಒತ್ತಾಸೆ. ಯೋಜನೆ ಹಾಕುವವರು ಈ ಎರಡಕ್ಕೂ ತಯಾರಿರಬೇಕು. ನಮ್ಮ ಮಕ್ಕಳು ಮೊದಲನೆಯದಕ್ಕೆ ಮಾತ್ರ ತಯಾರಾಗುತ್ತಿದ್ದಾರೆ.

ಕ್ಯಾಲೆಂಡರ್ ನಮ್ಮ ಕೈಯಲ್ಲಿಲ್ಲ

ಸರ್ಕಾರಿ ಕೆಲಸದ ಆಸೆ ತಪ್ಪಲ್ಲ. ಅರ್ಧ ಎಕರೆ, ಒಂದೆಕರೆ ಜಮೀನಿನ ಮನೆಗೆ ತಿಂಗಳ ಸಂಬಳ ಎಂದರೆ ಏನು ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹೇಳುವುದು ಇಷ್ಟೇ: ಅದರ ಕಾಲ ನಿಮ್ಮ ಹಿಡಿತದಲ್ಲಿಲ್ಲ.

ಎರಡು ನಿದರ್ಶನ ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿಯನ್ನೇ ರದ್ದು ಮಾಡಿದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಬರೆದವನಿಗೂ ಎರಡು ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ಎರಡನೆಯದು, 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆ. 2024ರ ಆಗಸ್ಟ್ 27ರಂದು ನಡೆದ ಆ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ತಪ್ಪುಗಳು ಸಿಕ್ಕಿ, ಅದೇ ಡಿಸೆಂಬರ್ 29ರಂದು ಮತ್ತೆ ಬರೆಸಿದರು. ಆಗಲೂ ಅನುವಾದದ ದೂರು ನಿಲ್ಲಲಿಲ್ಲ. ಆ 384 ಹುದ್ದೆಗೆ ಅರ್ಜಿ ಹಾಕಿದವರು ಎರಡು ಲಕ್ಷಕ್ಕೂ ಮೀರಿ. ಒಂದು ಹುದ್ದೆಗೆ 500 ಜನಕ್ಕಿಂತ ಹೆಚ್ಚು. ಉಳಿದವರೆಲ್ಲ ದಡ್ಡರಲ್ಲ, ಹುದ್ದೆಗಳೇ ಅಷ್ಟು ಇದ್ದವು.

ಈ ಎರಡನೆಯ ಪ್ರಸಂಗವನ್ನು ಕಲಾ ವಿದ್ಯಾರ್ಥಿಗಳು ಇನ್ನೊಂದು ಕಡೆಯಿಂದಲೂ ನೋಡಬೇಕು. ರಾಜ್ಯದ ಇಷ್ಟು ದೊಡ್ಡ ಪರೀಕ್ಷೆಗೆ ತಪ್ಪಿಲ್ಲದ ಕನ್ನಡ ಅನುವಾದ ಸಿಗಲಿಲ್ಲ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಂಡು ಕನ್ನಡದಲ್ಲಿ ನೆಟ್ಟಗೆ ಬರೆಯಬಲ್ಲವರ ಕೊರತೆ ಅಷ್ಟಿದೆ. ಯಂತ್ರ ಈಗ ಕ್ಷಣದಲ್ಲಿ ಅನುವಾದ ಮಾಡಿ ಕೊಡುತ್ತದೆ. ಅದರ ತಪ್ಪು ಹಿಡಿದು ತಿದ್ದುವ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನ್ಯಾಯಾಲಯದ ಕಾಗದ, ಬ್ಯಾಂಕಿನ ಫಾರಂ, ಆಸ್ಪತ್ರೆಯ ಸೂಚನೆ, ಮೊಬೈಲ್ ಆ್ಯಪ್ ಎಲ್ಲದರಲ್ಲೂ ಕಾಣುತ್ತಿದ್ದೇವೆ. ಆ ಕಣ್ಣು ಬೆಳೆಯಬೇಕಾದ ಜಾಗ ಕಲಾ ವಿಭಾಗವೇ.

ಅಕ್ಕಡಿ ಸಾಲು

ನಮ್ಮ ಮಳೆಯಾಶ್ರಿತ ಹೊಲದಲ್ಲಿ ರೈತ ಬರೀ ರಾಗಿ ಬಿತ್ತುವುದಿಲ್ಲ. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುತ್ತಾನೆ. ರಾಗಿ ಕೈಕೊಟ್ಟ ವರ್ಷವೂ ಮನೆಗೆ ಏನಾದರೂ ಬರಬೇಕು, ಹಾಗೆಂದು ರಾಗಿಯನ್ನು ಬಿಟ್ಟುಬಿಡಲೂ ಬಾರದು. ಪದವಿ ವಿದ್ಯಾರ್ಥಿಯ ಯೋಜನೆಯೂ ಹೀಗೇ ಇರಲಿ. ಒಂದು ಮುಖ್ಯ ಗುರಿ, ಅದರ ಜೊತೆಗೆ ಇವತ್ತೇ ಸಂಪಾದನೆಗೆ ಒದಗುವ ಒಂದು ವಿದ್ಯೆ, ಮತ್ತು ಇಂಥ ವರ್ಷದ ಹೊತ್ತಿಗೆ ದಾರಿ ಬದಲಿಸುತ್ತೇನೆ ಎಂದು ಮೊದಲೇ ಬರೆದಿಟ್ಟ ಗಡುವು.

ಮುಖ್ಯ ಗುರಿಯ ಕಾಲದ ಲೆಕ್ಕವನ್ನು ಮೊದಲು ನೋಡೋಣ. 2024–25ರಿಂದ ರಾಜ್ಯದಲ್ಲಿ ಬಿ.ಎ. ಮತ್ತೆ ಮೂರು ವರ್ಷ. ಶಾಲೆಯ ಮೇಷ್ಟರಾಗಬೇಕೆಂದರೆ ಅದರ ಮೇಲೆ ಬಿ.ಎಡ್. ಎರಡು ವರ್ಷ, ಜೊತೆಗೆ ಟಿಇಟಿ. ಅಂದರೆ ಕನಿಷ್ಠ ಐದು ವರ್ಷ. ಪಿಯು ಉಪನ್ಯಾಸಕರಾಗಲು ಎಂ.ಎ., ಬಿ.ಎಡ್. ಎರಡೂ ಬೇಕು, ಒಟ್ಟು ಏಳು ವರ್ಷ. ಪದವಿ ಕಾಲೇಜಿಗೆ ಎಂ.ಎ. ಮೇಲೆ ಕೆಸೆಟ್ ಅಥವಾ ನೆಟ್. ಆ ದಾರಿ ಹಿಡಿಯುವವರು ಒಂದು ಸತ್ಯ ತಿಳಿದಿರಲಿ. ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರಲ್ಲಿ ಎಷ್ಟೋ ಜನ ಪ್ರತಿಭೆಯಲ್ಲಿ ಯಾರಿಗೂ ಕಡಿಮೆಯಲ್ಲ. ಆದರೂ ಪ್ರತಿ ವರ್ಷ ‘ಈ ಸಲ ಕರೀತಾರಾ?’ ಎಂದು ಕಾಯುತ್ತಾರೆ. ವಿದ್ಯೆಯ ಪ್ರೀತಿಯಿದ್ದರೆ ಎಂ.ಎ. ಮಾಡಿ, ಬೇರೇನೂ ತೋಚಲಿಲ್ಲ ಎಂದು ಮಾಡಬೇಡಿ. ಅಂಥ ಎಂ.ಎ.ಯಿಂದ ಕಾಯುವ ಕಾಲ ಎರಡು ವರ್ಷ ಹಿಗ್ಗುತ್ತದೆ, ಅಷ್ಟೆ.

ಕಾನೂನು ಓದಿದರೆ ಪದವಿಯ ಮೇಲೆ ಮೂರು ವರ್ಷ, ಆಮೇಲೆ ಹಿರಿಯ ವಕೀಲರ ಕೈಕೆಳಗೆ ಸಂಪಾದನೆಯಿಲ್ಲದ ಕೆಲವು ವರ್ಷ. ಮನೆಯವರು ಅದಕ್ಕೆ ತಯಾರಿದ್ದಾರೆಯೇ ಎಂದು ಮೊದಲೇ ಕೂತು ಮಾತಾಡಿ. ಸಮಾಜಕಾರ್ಯ, ಗ್ರಂಥಾಲಯ ವಿಜ್ಞಾನ, ಪತ್ರಿಕೋದ್ಯಮಗಳೂ ಬಿ.ಎ. ಆದವರಿಗೆ ತೆರೆದಿವೆ. ಬ್ಯಾಂಕಿನ ಐಬಿಪಿಎಸ್ ಪರೀಕ್ಷೆಗಳಲ್ಲಿ ಗುಮಾಸ್ತೆ ಮತ್ತು ಗ್ರಾಮೀಣ ಬ್ಯಾಂಕಿನ ಹುದ್ದೆಗಳಿಗೆ ಈಗ ಕನ್ನಡದಲ್ಲೂ ಬರೆಯಬಹುದು. ‘ಲೆಕ್ಕ ಬರಲ್ಲ ಸಾರ್’ ಎಂದು ನಮ್ಮ ಮಕ್ಕಳು ಅದರ ಹತ್ತಿರವೇ ಹೋಗುವುದಿಲ್ಲ. ಅಲ್ಲಿ ಕೇಳುವುದು ಹೆಚ್ಚಾಗಿ ಶಾಲೆಯ ಲೆಕ್ಕವೇ, ಆದರೆ ಬೇಗ ಮಾಡಬೇಕು. ಬಿ.ಎ. ಮೊದಲ ವರ್ಷದಿಂದ ದಿನಕ್ಕೆ ಅರ್ಧ ಗಂಟೆ ಕೊಟ್ಟವರಿಗೆ ಆ ಹೆದರಿಕೆ ಉಳಿಯುವುದಿಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು.

ಇನ್ನು ಅಕ್ಕಡಿಯ ಸಾಲು. ಬೆರಳಚ್ಚು ಮತ್ತು ಶೀಘ್ರಲಿಪಿಯ ಹೆಸರು ಹೇಳಿದರೆ ನೀವು ನಗಬಹುದು. ನ್ಯಾಯಾಲಯಗಳಿಗೆ, ಕಚೇರಿಗಳಿಗೆ ಕನ್ನಡ ಶೀಘ್ರಲಿಪಿ ಬಲ್ಲವರು ಇವತ್ತಿಗೂ ಬೇಕು, ಕಲಿತವರು ಕಡಿಮೆ. ಕಿರಿಯ ದರ್ಜೆ, ಹಿರಿಯ ದರ್ಜೆಯ ಪರೀಕ್ಷೆಗಳನ್ನು ಬಿ.ಎ. ಓದುತ್ತಲೇ ಮುಗಿಸಬಹುದು. ಕೀಲಿಮಣೆ ನೋಡದೆ ಕನ್ನಡ ಟೈಪ್ ಮಾಡುವುದು, ಒಂದು ಪಟ್ಟಿಯಲ್ಲಿ ಲೆಕ್ಕ ಕೂಡಿಸುವುದು, ತಪ್ಪಿಲ್ಲದ ಒಂದು ಪುಟದ ಅರ್ಜಿ ಬರೆಯುವುದು, ಈ ಮೂರನ್ನು ಬಲ್ಲವರಿಗೆ ವಕೀಲರ ಕಚೇರಿಯಿಂದ ಹಿಡಿದು ಇಲ್ಲೇ ಇರುವ ಹಾಲಿನ ಡೇರಿ, ಸಹಕಾರ ಸಂಘ, ಮುದ್ರಣಾಲಯದವರೆಗೆ ಎಲ್ಲಾದರೂ ಕೆಲಸ ಇದೆ. ಸಂಬಳ ದೊಡ್ಡದಲ್ಲ. ಆದರೆ ಪುಸ್ತಕದ ದುಡ್ಡನ್ನು ಅಪ್ಪನ ಹತ್ತಿರ ಕೇಳದೆ ಪರೀಕ್ಷೆಗೆ ಓದುವವನ ಬೆನ್ನು ನೇರವಾಗಿರುತ್ತದೆ.

ಈ ನೆಲದಲ್ಲೇ ಇರುವ ಕೆಲಸ

ನಮ್ಮ ಚಾಮರಾಜನಗರ ಜಿಲ್ಲೆ 1997ರಲ್ಲಿ ಹುಟ್ಟಿದ್ದು. ‘ಹಿಂದುಳಿದ ಜಿಲ್ಲೆ’ ಎಂಬ ಮಾತು ಅದಕ್ಕೆ ಅಂಟಿಕೊಂಡಿದೆ. ಕಲಾ ವಿದ್ಯಾರ್ಥಿಯ ಕಣ್ಣಿಂದ ನೋಡಿದರೆ ಇಷ್ಟು ತುಂಬಿದ ಜಿಲ್ಲೆ ಅಪರೂಪ.

ಗುಂಡ್ಲುಪೇಟೆಯ ರಸ್ತೆ ಒಂದು ಕಡೆ ಕೇರಳಕ್ಕೆ, ಇನ್ನೊಂದು ಕಡೆ ತಮಿಳುನಾಡಿಗೆ ಹೋಗುತ್ತದೆ. ಗಡಿಯಾಚೆಯ ತಾಳವಾಡಿಯಲ್ಲಿ ಕನ್ನಡದ ಮನೆಗಳಿವೆ. ನಿಮ್ಮಲ್ಲಿ ಎಷ್ಟೋ ಜನರಿಗೆ ತಮಿಳು ಕಿವಿಗೆ ಬಿದ್ದೇ ಬಂದಿದೆ, ಅದನ್ನು ಓದಲು ಬರೆಯಲು ಮಾತ್ರ ಕಲಿತಿಲ್ಲ. ಒಂದು ವರ್ಷ ಕೊಟ್ಟರೆ ಅಕ್ಷರವೂ ಬರುತ್ತದೆ. ಕನ್ನಡ, ಇಂಗ್ಲಿಷ್ ಜೊತೆಗೆ ತಮಿಳೋ ಮಲಯಾಳವೋ ಬರೆಯಬಲ್ಲವರು ಅನುವಾದಕ್ಕೆ, ವ್ಯಾಪಾರಕ್ಕೆ, ಪ್ರವಾಸೋದ್ಯಮಕ್ಕೆ ಬೇಕು. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಪಕ್ಕದ ಮೈಸೂರಿನಲ್ಲೇ ಇದೆ.

ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಕ್ಕೆ ಬರುವ ಜನಕ್ಕೆ ಕಥೆ ಹೇಳುವವರು ಯಾರು? ಹುಲಿ ತೋರಿಸುವವರು ಇದ್ದಾರೆ. ತೆರಕಣಾಂಬಿಯ ಗುಡಿಗಳನ್ನು, ನರಸಮಂಗಲದ ಗಂಗರ ಕಾಲದ ದೇವಾಲಯವನ್ನು, ಮಲೆಯೂರಿನ ಕನಕಗಿರಿಯ ಬಸದಿಗಳನ್ನು ಇತಿಹಾಸ ತಿಳಿದು ತೋರಿಸುವವರು ಕಡಿಮೆ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರಿನ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 4ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ನಿಮ್ಮ ಊರಿನ ಕಲ್ಲು ಅದರಲ್ಲಿ ಇದೆಯೇ ಎಂದು ಇತಿಹಾಸ ಓದುವ ಎಷ್ಟು ಜನ ನೋಡಿದ್ದೀರಿ? ಮಂಟೇಸ್ವಾಮಿಯನ್ನು ಹಾಡುವ ನೀಲಗಾರರು, ಮಾದಪ್ಪನನ್ನು ಹಾಡುವ ದೇವರಗುಡ್ಡರು ಬಾಯಲ್ಲಿ ಹೊತ್ತು ತಂದ ಕಾವ್ಯಗಳನ್ನು ಬರೆದುಕೊಂಡು ವಿದ್ವಾಂಸರಾದವರು ಮೈಸೂರಿನಲ್ಲಿ ಒಂದು ಅಧ್ಯಯನ ವಿಭಾಗವನ್ನೇ ಕಟ್ಟಿದರು. ಬರೆದುಕೊಳ್ಳಬೇಕಾದದ್ದು ಇನ್ನೂ ಇದೆ, ಹಾಡುವವರಿಗೆ ಮಾತ್ರ ವಯಸ್ಸಾಗುತ್ತಿದೆ.

ಇದರಿಂದ ನಾಳೆಯೇ ಸಂಬಳ ಬರುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಬಿ.ಎ. ಎರಡನೇ ವರ್ಷದಲ್ಲಿ ಒಂದು ಊರಿನ ಚರಿತ್ರೆಯನ್ನೋ, ಒಂದು ಸಂತೆಯ ಲೆಕ್ಕವನ್ನೋ, ಒಬ್ಬ ನೀಲಗಾರರ ಹಾಡನ್ನೋ ಇಪ್ಪತ್ತು ಪುಟ ನೆಟ್ಟಗೆ ಬರೆದವರು ಸಂದರ್ಶನಕ್ಕೆ ಬರಿಗೈಯಲ್ಲಿ ಹೋಗುವುದಿಲ್ಲ. ‘ನಿಮಗೆ ಏನು ಬರುತ್ತದೆ?’ ಎಂಬ ಪ್ರಶ್ನೆಗೆ ಅಂಕಪಟ್ಟಿ ತೋರಿಸುವವರ ನಡುವೆ, ಮಾಡಿದ ಕೆಲಸವನ್ನು ತೋರಿಸುವವರು ಎದ್ದು ಕಾಣುತ್ತಾರೆ.

ಕಾಗದ, ಬಸ್ಸು, ಗಡುವು

ಕೆಲವು ಸಣ್ಣ ವಿಷಯಗಳಿಂದ ದೊಡ್ಡ ಅವಕಾಶ ತಪ್ಪಿಹೋಗುತ್ತದೆ. ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಕುದೇರಿನಂಥ ಊರಲ್ಲಿ ಓದಿದ ಬಹುಪಾಲು ಮಕ್ಕಳಿಗೆ ಎರಡೂ ಸಲ್ಲುತ್ತವೆ. ಅದರ ಪ್ರಮಾಣಪತ್ರಕ್ಕೆ ಅರ್ಜಿಯ ಕೊನೆಯ ದಿನ ಹಳೆಯ ಶಾಲೆಗೆ ಓಡುವುದು, ಅಲ್ಲಿ ಮುಖ್ಯೋಪಾಧ್ಯಾಯರು ಇಲ್ಲದಿರುವುದು, ಹೆಸರಿನಲ್ಲಿ ಒಂದಕ್ಷರ ಬೇರೆಯಾಗಿರುವುದು ಪ್ರತಿ ವರ್ಷದ ಗೋಳು. ಬಿ.ಎ. ಮುಗಿಯುವ ಮೊದಲೇ ಕಾಗದಪತ್ರಗಳನ್ನು ಸರಿಮಾಡಿಟ್ಟುಕೊಳ್ಳಿ. ಬಿ.ಎಡ್. ಕನಸಿರುವವರು ಎಚ್‌ಇಪಿ, ಎಚ್‌ಇಕೆ ಎಂದು ಸ್ನೇಹಿತರ ಹಿಂದೆ ಹೋಗಿ ವಿಷಯ ಆರಿಸಬೇಡಿ. ಶಿಕ್ಷಕರ ನೇಮಕಾತಿ ನಿಯಮದಲ್ಲಿ ಯಾವ ವಿಷಯಗಳ ಸಂಯೋಜನೆ ಕೇಳುತ್ತಾರೆ ಎಂದು ಓದಿ ಆರಿಸಿ.

ಯುವನಿಧಿಯ ಬಗ್ಗೆ ಒಂದು ಮಾತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಆ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಒಟ್ಟು 72,000. ಉನ್ನತ ಓದಿಗೆ ಸೇರಿದವರಿಗೆ ಅದು ಸಿಗುವುದಿಲ್ಲ. ಸರ್ಕಾರವೇ ಎರಡು ವರ್ಷ ಎಂದು ಗೆರೆ ಎಳೆದಿರುವಾಗ ನಾವೂ ಒಂದು ಗೆರೆ ಎಳೆದುಕೊಳ್ಳಬೇಡವೆ? ಆ ಹಣ ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಫೀಜಿಗೆ, ಪಿಜಿ ಬಾಡಿಗೆಗೆ ಸಾಲುವುದಿಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರವಿದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳು ಉಚಿತ ತರಬೇತಿಗೆ ಅರ್ಜಿ ಕರೆಯುತ್ತವೆ. ಸಾಲ ಮಾಡುವ ಮೊದಲು ಇವನ್ನು ವಿಚಾರಿಸಿ.

ಹೆಣ್ಣುಮಕ್ಕಳಿಗೆ: 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸು ನಿಮ್ಮದು. ಜಾತ್ರೆಗೆ, ತವರಿಗೆ ಮಾತ್ರ ಅದು ಓಡಬಾರದು. ಚಾಮರಾಜನಗರದ ಗ್ರಂಥಾಲಯಕ್ಕೆ, ಮೈಸೂರಿನ ತರಗತಿಗೆ, ಬೆರಳಚ್ಚು ಕಲಿಯುವುದಕ್ಕೆ ಅದನ್ನು ಹತ್ತಿ. ತಂದೆತಾಯಿಗಳಿಗೆ: ಮಗನಿಗೆ ಐದು ವರ್ಷ ‘ಓದ್ಕೊ’ ಎಂದು ಬಿಡುವವರು ಮಗಳಿಗೆ ಎರಡು ವರ್ಷವನ್ನಾದರೂ ಕೊಡಿ. ತರಗತಿಗಳಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಓದುತ್ತಿರುವವರು ಯಾರು ಎಂಬುದು ಇಲ್ಲಿರುವ ಅಧ್ಯಾಪಕರಿಗೆಲ್ಲ ಗೊತ್ತು.

ಊರಿನ ಪಾಲು

ಇಷ್ಟೆಲ್ಲ ಹೇಳಿ ಹೊರೆಯನ್ನೆಲ್ಲ ಇಪ್ಪತ್ತು ವರ್ಷದ ಮಕ್ಕಳ ತಲೆ ಮೇಲೆ ಇಟ್ಟು ಹೋದರೆ ಅನ್ಯಾಯ. ಖಾಲಿ ಹುದ್ದೆಗಳನ್ನು ಕಾಲಕ್ಕೆ ಸರಿಯಾಗಿ ತುಂಬುವುದು, ಪ್ರಶ್ನೆಪತ್ರಿಕೆಯನ್ನು ನೆಟ್ಟಗಿನ ಕನ್ನಡದಲ್ಲಿ ಕೊಡುವುದು ಸರ್ಕಾರದ ಕೆಲಸ. ಸುವರ್ಣ ಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾನಿಲಯವಾಯಿತು. 2025ರಲ್ಲಿ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲೇ ಬಂತು. ಕೂಲಿ ಮಾಡುವ ಮನೆಯ ಹುಡುಗಿ ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ದೂರದಲ್ಲಿ ಎಂ.ಎ. ಓದುವ ಅವಕಾಶ ಇರಬೇಕೋ ಬೇಡವೋ ಎಂಬುದನ್ನು ಲಾಭ ನಷ್ಟದ ಪಟ್ಟಿ ಮಾತ್ರ ನೋಡಿ ತೀರ್ಮಾನಿಸಲಾಗದು.

ಊರೂ ಮಾಡಬಹುದಾದದ್ದಿದೆ. ಎಲ್ಲರಿಗೂ ಒಬ್ಬ ಮಾಸ್ತಿ ಸಿಗುವುದಿಲ್ಲ. ಆದರೆ ಕುದೇರಿನಿಂದ ಹೊರಟು ಮೇಷ್ಟರಾಗಿ, ಗುಮಾಸ್ತರಾಗಿ, ವಕೀಲರಾಗಿ, ಪೊಲೀಸರಾಗಿ ಕೆಲಸ ಮಾಡುತ್ತಿರುವವರು ಇದ್ದಾರಲ್ಲ, ಅವರ ಹೆಸರಿನ ಒಂದು ಪುಸ್ತಕವನ್ನು ಊರಿನ ಗ್ರಂಥಾಲಯದಲ್ಲಿ ಇಡೋಣ. ತಿಂಗಳಿಗೊಬ್ಬರು ಭಾನುವಾರ ಬಂದು ಒಂದು ಗಂಟೆ ಕೂರಲಿ. ಭಾಷಣ ಬೇಡ. ಮಕ್ಕಳ ಅರ್ಜಿ ನೋಡಲಿ, ಬರೆದ ಪ್ರಬಂಧ ತಿದ್ದಲಿ, ಸಂದರ್ಶನದ ಪ್ರಶ್ನೆ ಕೇಳಲಿ. ದತ್ತಿ ದಾನಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ವರ್ಷದಿಂದ ಉಪನ್ಯಾಸಕರಿಗೆ ಕೊಡುವ ಗೌರವಧನದ ಅರ್ಧವನ್ನು ಊರಿನ ಬಗ್ಗೆ ಒಳ್ಳೆಯ ಇಪ್ಪತ್ತು ಪುಟ ಬರೆದ ಪದವಿ ವಿದ್ಯಾರ್ಥಿಗೆ ಕೊಡಿ. ಇವತ್ತಿನ ನನ್ನ ಪಾಲಿನಿಂದಲೇ ಅದು ಶುರುವಾಗಲಿ. ಈ ಸಭೆ ಮುಗಿದ ಮೇಲೆ ಮೊದಲ ಇಬ್ಬರ ಹೆಸರು ಬರೆದುಕೊಂಡು ಹೋಗುತ್ತೇನೆ, ಮುಂದಿನ ದತ್ತಿ ಕಾರ್ಯಕ್ರಮದಲ್ಲಿ ಮಾತಾಡಬೇಕಾದವರು ಅವರೇ.